ದಪ್ಪ ಕಣ ನುಸುಳಿದ ಹೇಲೋ

ಅಹಮದಾಬಾದಿನ ನಮ್ಮ ಸಂಶೋಧನಾಲಯದಲ್ಲಿ ಧಾರವಾಡದ ಕನ್ನಡ ಕೇಳಿಸಿದರೆ ಅದು ನನ್ನ ಗೈಡ್ ಆಗಿದ್ದ ಮೇಡಂ ಅವರದೇ. ಕಂಪ್ಯೂಟರಿನೊಳಗೆ ನಾವು ಕಟ್ಟುತ್ತಿದ್ದ ವಿಶ್ವದ ನಡುಭಾಗ ನಿಖರ ಲೆಕ್ಕದ ಸಣ್ಣ ಕಣಗಳದ್ದು, ಸುತ್ತಲಿನದು ಒರಟು ಲೆಕ್ಕದ ದಪ್ಪ ಕಣಗಳದ್ದು. ಗೆಲಾಕ್ಸಿಗಳನ್ನು ಹೊತ್ತ ಕತ್ತಲ ಮೋಡಗಳಿಗೆ ಹೇಲೋ ಎನ್ನುತ್ತೇವೆ. ದಪ್ಪ ಕಣ ನುಸುಳಿದ ಹೇಲೋವನ್ನು ನಂಬುವಂತಿಲ್ಲ, ಗ್ರಾಫಿನಿಂದ ತೆಗೆಯಬೇಕು. ಯಾವ ಗ್ರಾಫ್ ತೋರಿಸಿದರೂ ಅವರು ಕನ್ನಡಕ ಹಣೆಗೇರಿಸಿ, "ಚಂದ ಐತಿ. ಒಳಗ ಯಾರ್ ಬಂದಾರ, ನೋಡೀಯೇನು?" ಎನ್ನುತ್ತಿದ್ದರು.

ಒಂದು ಹೇಲೋ ಎಂದರೆ ಅವರಿಗೆ ಜೀವ. ನಮ್ಮ ಆಕಾಶಗಂಗೆಯ ಹಾಗೆ ಪುಟ್ಟ ಸಂಗಾತಿಗಳಿದ್ದ ಅದರ ಚಿತ್ರ ಅವರ ಪರದೆಯ ಮೇಲೆ ಸದಾ ತೇಲುತ್ತಿತ್ತು. ಅವರ ಹೊಸ ಪ್ರಬಂಧ ನಿಂತದ್ದೇ ಅದರ ಮೇಲೆ. ಒಂದು ಮಧ್ಯಾಹ್ನ ಅದರೊಳಗೂ ನನಗೆ ದಪ್ಪ ಕಣಗಳು ಕಂಡವು. ಗ್ರಾಫನ್ನು ಮೇಡಂ ಮುಂದೆ ತೆರೆದಿಟ್ಟೆ.

"ಯಾರ್ ಬಂದಾರ?" ಎಂದರು. ಮೇಲಿನ ಮೂಲೆಯಲ್ಲಿದ್ದ ಆ ಹೇಲೋದ ಚುಕ್ಕಿಯ ಮೇಲೆ ಬೆರಳಿಟ್ಟೆ. ಕೀಬೋರ್ಡನ್ನು ತಮ್ಮ ಕಡೆ ಎಳೆದುಕೊಂಡು ಅವರೇ ಆ ಹೇಲೋವನ್ನು ಸೋಸಿ ತೆಗೆದರು. ಗ್ರಾಫ್ ಮತ್ತೆ ಮೂಡಿದಾಗ ಮೇಲಿನ ಮೂಲೆ ಖಾಲಿ ಇತ್ತು.

ಪರದೆಯ ಮೇಲಿನ ಚಿತ್ರ ಮಾತ್ರ ಹಾಗೇ ಉಳಿಯಿತು. ಒಂದು ಸಂಜೆ ವಸ್ತ್ರಾಪುರ ಕೆರೆಯ ದಂಡೆಯಲ್ಲಿ ಅವರೊಂದಿಗೆ ಅಡ್ಡಾಡುವಾಗ ಅದನ್ನೇಕೆ ತೆಗೆದಿಲ್ಲವೆಂದು ಕೇಳಿದೆ. ನೀರಿನಲ್ಲಿ ಅಲುಗುತ್ತಿದ್ದ ದೀಪಗಳನ್ನೇ ನೋಡುತ್ತಾ ಅವರೆಂದರು: "ಇರ್ಲಿ ಬಿಡು. ಗ್ರಾಫಿನಾಗ ಬ್ಯಾಡ ಅಂದೀನಿ, ಅಷ್ಟ."