ಹೊಗೆ ಬಿಟ್ಟ ಡ್ರೈವರ್ ಕೊಂಡಪ್ಪ
ದೊಡ್ಡಬಳ್ಳಾಪುರದಿಂದ ಸಾಸಲಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್ ಕೊಂಡಪ್ಪನ ತುಟಿಯಲ್ಲಿ ಸಿಗರೇಟು ಕಾಣದಿದ್ದರೆ ಬಸ್ಸು ಕೆಟ್ಟಿದೆಯೆಂದು ಜನ ಇಳಿದುಬಿಡುತ್ತಿದ್ದರು. ಒಂದರ ಕೆಂಡದಿಂದಲೇ ಇನ್ನೊಂದನ್ನು ಹಚ್ಚುವನು. ಅವನು ಕೆಮ್ಮಿದರೆ ಸಾಕು, ಹಾರನ್ನೇ ಬೇಡ, ದಾರಿಯ ದನಗಳು ಪಕ್ಕಕ್ಕೆ ಸರಿಯುತ್ತಿದ್ದವು. ಹೆಂಡತಿ ಮುನಿತಾಯಮ್ಮ ಸಿಗರೇಟು ಬಿಡಿ ಎಂದು ಗೋಗರೆದರೆ, "ಇಂಜಿನ್ನು ಹೊಗೆ ಬಿಡ್ದೆ ಓಡ್ತದೇನೇ?" ಎಂದು ನಗುವನು. ಒಂದು ಬೆಳಿಗ್ಗೆ ಕೆರೆ ಏರಿಯ ಮೇಲೆ ಎದೆ ಹಿಂಡಿದಂತಾಗಿ, ಹೇಗೋ ಬಸ್ಸು ನಿಲ್ಲಿಸಿ ಸ್ಟೇರಿಂಗಿನ ಮೇಲೆ ಕುಸಿದ. ಬೆಂಗಳೂರಿನ ಡಾಕ್ಟರು ರಕ್ತ ಪರೀಕ್ಷಿಸಿ, ಕೊಲೆಸ್ಟ್ರಾಲ್ ಎಂಬ ಕೊಬ್ಬು ಹೆಚ್ಚಾಗಿದೆ ಎಂದರು. "ಮುದ್ದೆ ಸೊಪ್ಪು ತಿನ್ನೋನು ನಾನು, ಕೊಬ್ಬೆಲ್ಲಿಂದ ಬಂತು ಸ್ವಾಮಿ?" "ಊಟದಿಂದ ಮಾತ್ರ ಅಲ್ಲ, ಸಿಗರೇಟಿನಿಂದಲೂ ಕೊಬ್ಬು ಏರುತ್ತೆ. ಅದರ ಹೊಗೆ ರಕ್ತನಾಳದ ಒಳಗೋಡೆ ಕೆಡಿಸುತ್ತಪ್ಪ. ಅಲ್ಲಿ ಕೊಬ್ಬು ಅಂಟಿಕೊಂಡು ಹೃದಯಕ್ಕೆ ರಕ್ತ ಹೋಗೋ ದಾರಿ ಕಿರಿದಾಗುತ್ತೆ. ಮಾತ್ರೆ ಕೊಡ್ತೀನಿ, ಸಿಗರೇಟು ಇವತ್ತೇ ಬಿಟ್ಟರೆ ಉಳೀತೀಯ." ಕೊಂಡಪ್ಪ ಅಂದೇ ಬಿಟ್ಟ. ಮನೆಯವರ ಮೇಲೆಲ್ಲ ರೇಗಾಡಿದ, ಹುರಿಗಡಲೆ ಅಗಿದು ಅಗಿದು ದವಡೆ ನೋಯಿಸಿಕೊಂಡ. ಆದರೂ ಮತ್ತೆ ಸೇದಲಿಲ್ಲ. "ಸಾವು ಅಂದ್ರೆ ಅಷ್ಟೊಂದು ಭಯವಾ ನಿಮ್ಗೆ?" ಎಂದು ಮುನಿತಾಯಮ್ಮ ಕೇಳಿದಾಗ ಮೆಲ್ಲಗೆ ಹೇಳಿದ: "ನನ್ ಸಾವಲ್ಲ ಕಣೇ. ಆವತ್ತು ಬ್ರೇಕ್ ತುಳಿಯೋಕೆ ಕಾಲಲ್ಲಿ ಬಲ ಇಲ್ದೆ ಹೋಗಿದ್ರೆ, ಬಸ್ ತುಂಬ ಇದ್ದ ಜನ ಕೆರೇಲಿರ್ತಿದ್ರು." ಅವಳು ಹುರಿಗಡಲೆಯ ಡಬ್ಬ ಅವನತ್ತ ಸರಿಸಿದಳು. ಮಳೆಗಾಲ ಕಳೆದು ಮತ್ತೆ ಪರೀಕ್ಷಿಸಿದಾಗ ಕೊಬ್ಬು ಇಳಿದಿತ್ತು. ಇನ್ನು ಬಸ್ಸು ಓಡಿಸಬಹುದು ಎಂದರು ಡಾಕ್ಟರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಕೊಂಡಪ್ಪ ಎದೆತುಂಬ ಉಸಿರೆಳೆದುಕೊಂಡ. ಅದು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಮುನಿತಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಡಿಯೇ, ಹೊಟ್ಟೆ ಹಸೀತೈತೆ," ಎಂದ ಅವನು.