ಸ್ಟುಡಿಯೋದವನು ಕೊಟ್ಟ ಬಣ್ಣ

ಮೊನ್ನೆ ಅಡುಗೆಮನೆಯಿಂದ ಕಸ್ತೂರಿ ಅರಿಶಿನದ ವಾಸನೆ ಬಂತು. ಮೊಮ್ಮಗಳು ಮುಖಕ್ಕೆ ಹಚ್ಚಿಕೊಳ್ಳಲು ಬಟ್ಟಲಲ್ಲಿ ಕಡಲೆಹಿಟ್ಟು, ಮೊಸರು, ಅರಿಶಿನ ಕಲಸುತ್ತಿದ್ದಳು. ಸಾರಿಗೆ ಹಾಕುವ ಅರಿಶಿನದ ವಾಸನೆಯೇ ಬೇರೆ, ಇದರದೇ ಬೇರೆ. ಇದರಲ್ಲಿ ಕರ್ಪೂರ ಬೆರೆತ ಹಾಗೆ ತಣ್ಣನೆಯ ಒಂದು ಘಮ ಇರುತ್ತದೆ. ಅದು ಮೂಗಿಗೆ ಬಡಿದದ್ದೇ ಹೂ ಕಟ್ಟುತ್ತಿದ್ದ ನನ್ನ ಕೈ ನಿಂತಿತು. ಹೊಸೂರು ಪಕ್ಕದ ಮೂಕಂಡಪಲ್ಲಿಯ ಸಾಲುಮನೆ, ಪಕ್ಕದ ಬಾಗಿಲು, ಆ ಹುಡುಗಿ...

ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಬರೆಯಲು ಕೂತರೆ ಅಕ್ಷರಗಳು ಒಂದರ ಮೇಲೊಂದು ಬೀಳುತ್ತವೆ. ಬೀಳಲಿ. ಅವಳ ವಿಷಯ ಬರೆಯಲು ಬೇರೆ ಯಾರೂ ಇಲ್ಲ.

ಕೃಷ್ಣಗಿರಿ ಬೇರೆ ಜಿಲ್ಲೆಯಾಗಿ ಒಂದೆರಡು ವರ್ಷವಾಗಿತ್ತು. ಗಂಡ ತೀರಿಕೊಂಡ ಮೇಲೆ ನಾನು ತಳಿ ಕಡೆಯ ನಮ್ಮೂರು ಬಿಟ್ಟು, ಕಂಪನಿ ಕೆಲಸದಲ್ಲಿದ್ದ ಮಗನ ಜೊತೆ ಬಂದು ಇದ್ದೆ. ಸಾಲಿನಲ್ಲಿದ್ದ ಮನೆಗಳಿಗೆಲ್ಲ ಒಂದೇ ನಲ್ಲಿ, ಒಂದೇ ಒಗೆಯುವ ಕಲ್ಲು. ಬೆಳಿಗ್ಗೆ ಜೀಪಿನಲ್ಲಿ ಬರುತ್ತಿದ್ದ ಸೇವಂತಿಗೆ ತಂದು, ಬಾಗಿಲಲ್ಲಿ ಕೂತು ಕಟ್ಟಿ ಮಾರುತ್ತಿದ್ದೆ. ಪಕ್ಕದ ಮನೆಗೆ ಕನಕಪುರದ ಕಡೆಯ ತಾಯಿ ಮಗಳು ಬಾಡಿಗೆಗೆ ಬಂದರು. ತಂದೆ ಇರಲಿಲ್ಲ. ಮಗಳು ಕಂಪನಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು.

ಹುಡುಗಿ ಕಪ್ಪು. ಸುತ್ತಿ ಬಳಸಿ ಹೇಳುವುದೇನಿದೆ, ಕಪ್ಪೇ. ದಿನಾ ಬಸ್‌ಸ್ಟಾಪಿನ ಬಿಸಿಲಲ್ಲಿ ನಿಂತು ಹಣೆ, ಕೆನ್ನೆ ಇನ್ನಷ್ಟು ಕಂದಿದ್ದವು. ಕೆನ್ನೆಯ ಎರಡೂ ಕಡೆ ಕಂದು ಮಚ್ಚೆಯ ಹಾಗೆ ಬಂಗು ಬಂದಿತ್ತು. ಅದರಿಂದ ಅವಳಿಗೇನೂ ಬಾಧೆ ಇರಲಿಲ್ಲ. ಸಂಜೆ ಬಂದವಳೇ ನಲ್ಲಿಯ ಹತ್ತಿರ ನಿಂತು ಕಂಪನಿಯವರನ್ನೆಲ್ಲ ಆಡಿ ತೋರಿಸುತ್ತಿದ್ದಳು. "ನೋಡ್ ದೊಡ್ಡಮ್ಮ, ನಮ್ ಸೂಪರ್‌ವೈಸರ್ರು 'ಸೀಕ್ರಂ, ಸೀಕ್ರಂ, ಬೇಗ ಬೇಗ' ಅಂತ ನಮ್ಮನ್ನ ಅಟ್ಟಾಡ್ಸಿ, ತಾನು ಮಾತ್ರ ಟೀ ಕುಡ್ಯಕ್ಕೆ ಹೋಗ್ಬುಟ್ಟ!" ಕೊಡ ತುಂಬಿ ಹರಿದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅಷ್ಟು ನಗಿಸುತ್ತಿದ್ದಳು.

ಒಂದು ದಿನ ದಲ್ಲಾಳಿ ಬಂದು, ತಳಿ ಕಡೆಯ ಹುಡುಗನ ಮನೆಯವರು ಅವಳನ್ನು ಕೇಳುತ್ತಿದ್ದಾರೆ ಎಂದ. ಹುಡುಗನೂ ಇಲ್ಲೇ ಇನ್ನೊಂದು ಕಂಪನಿಯಲ್ಲಿ ಇದ್ದವನು. ಅವರಾಗಿಯೇ ಯಾಕೆ ಕೇಳಿ ಕಳಿಸಿದರು ಎಂದು ಯಾರೂ ಯೋಚಿಸಲಿಲ್ಲ. ಫೋಟೋ ಬೇಕು ಅಂದರು, ಅಷ್ಟೆ.

ಹೊಸೂರಿನ ಸ್ಟುಡಿಯೋಗಳಿಗೆ ಆಗ ಹೊಸದಾಗಿ ಕಂಪ್ಯೂಟರ್ ಬಂದಿತ್ತು. ತಾಯಿ ಫೋಟೋದವನಿಗೆ "ಒಸಿ ಬೆಳ್ಳಗೆ ಮಾಡ್ಕೊಡಪ್ಪ" ಅಂದಳಂತೆ. ಅವನು ಒಸಿ ಮಾಡಲಿಲ್ಲ, ಪೂರ್ತಿ ಮಾಡಿಬಿಟ್ಟ. ಬಂಗೂ ಹೋಯಿತು, ಬಣ್ಣವೂ ಹೋಯಿತು. ಹುಡುಗಿ ಫೋಟೋ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದು ನಕ್ಕಳು. "ಯಾರ್ ದೊಡ್ಡಮ್ಮ ಇವ್ಳು? ನಮ್ಮನೆಗೆ ಯಾವಾಗ ಬಂದ್ಲು?"

ಹುಡುಗನ ತಾಯಿಗೆ ಫೋಟೋ ಬಹಳ ಹಿಡಿಸಿತು. ಆಷಾಢ ಹತ್ತಿರ ಬಂದಿದ್ದರಿಂದ ಅದು ಕಳೆದ ಮೇಲೆ ಹೆಣ್ಣು ನೋಡಲು ಬರುತ್ತೇವೆ ಎಂದು ಹೇಳಿ ಕಳಿಸಿದರು. ಆಮೇಲೆ ಹುಡುಗಿಯ ನಗು ಕಡಿಮೆಯಾಯಿತು.

"ಫೋಟೋದಲ್ಲಿ ಇರೋವಂಗೇ ಇರ್ಬೇಕಲ್ಲ ದೊಡ್ಡಮ್ಮ. ಇಲ್ದಿದ್ರೆ ಯಾರ್ದೋ ಫೋಟೋ ಕೊಟ್ಟು ಮೋಸ ಮಾಡವ್ರೆ ಅಂತಾರೆ."

ಸ್ಟುಡಿಯೋದವನ ಬಣ್ಣಕ್ಕೆ ಇವಳು ಮುಖ ಹೊಂದಿಸಬೇಕಾಗಿ ಬಂತು. ನಾನು ಕಡಲೆಹಿಟ್ಟು, ಮೊಸರು, ಚಿಟಿಕೆ ಕಸ್ತೂರಿ ಅರಿಶಿನ ಕಲಸಿ ಕೊಟ್ಟೆ. "ಬಿಸ್ಲಿಂದ ಬಂದಿದ್ದು ಮೆಲ್ಲಗೆ ಹೋಯ್ತದೆ, ಕೊಡೆ ಹಿಡ್ಕಂಡು ಓಡಾಡು. ನಿಮ್ಮವ್ವ ಕೊಟ್ಟ ಬಣ್ಣ ಹೋಗಲ್ಲ ಕಣೇ, ಅದ್ಯಾಕೆ ಹೋಗ್ಬೇಕು?" ಅಂದೆ. ಕೆಲವು ದಿನ ಹಚ್ಚಿದಳು. ಕನ್ನಡಿ ನೋಡಿದಳು. ಮೆಲ್ಲಗೆ ಆಗುವ ಕೆಲಸಕ್ಕೆ ಅವಳ ಹತ್ತಿರ ಸಮಯ ಇರಲಿಲ್ಲ.

ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಯಾವಳೋ ಒಂದು ಟ್ಯೂಬಿನ ಹೆಸರು ಹೇಳಿಕೊಟ್ಟಳು. ಅದು ತುರಿಕೆ, ಕಜ್ಜಿಗೆ ಡಾಕ್ಟರು ಬರೆದುಕೊಡುವ ಮುಲಾಮು. ಮೆಡಿಕಲ್ ಶಾಪಿನವರು ಚೀಟಿ ಇಲ್ಲದೆಯೇ ಕೊಟ್ಟರು. ರಾತ್ರಿ ಹಚ್ಚಿ ಮಲಗುತ್ತಿದ್ದಳು. ಆಷಾಢ ಮುಗಿಯುವಷ್ಟರಲ್ಲಿ ಮುಖ ಸುಲಿದ ಮೊಟ್ಟೆಯ ಹಾಗೆ ಹೊಳೆಯತೊಡಗಿತು. ಸಾಲುಮನೆಯ ಹೆಂಗಸರೆಲ್ಲ ಗುಟ್ಟೇನು ಎಂದು ಕೇಳಿದರು. ಕತ್ತು ಮಾತ್ರ ಮೊದಲಿನ ಹಾಗೇ ಇತ್ತು. "ಬೇರೆಯವಳ ತಲೆ ತಂದು ಮಡಿಕ್ಕಂಡಂಗದೆ" ಅಂದೆ. ನಕ್ಕು ನನ್ನ ಬೆನ್ನಿಗೆ ಗುದ್ದಿದಳು. ಆದರೆ ಮುಖಕ್ಕೆ ನೀರು ಹಾಕಿಕೊಂಡಾಗ ಉರಿಗೆ ಹಲ್ಲು ಕಚ್ಚುತ್ತಿದ್ದುದನ್ನು ನಾನು ನೋಡಿದ್ದೆ. ಅಷ್ಟು ಉರಿಯುತ್ತಿದ್ದರೆ ಬಿಡೇ ಎಂದು ಬೈದೆ. "ಮದ್ವೆ ಆಗ್ಲಿ, ಬುಟ್ಬುಡ್ತೀನಿ" ಅಂದಳು.

ಹೆಣ್ಣು ನೋಡಲು ಬಂದ ದಿನ ಹುಡುಗನ ತಾಯಿ ಅವಳ ಗದ್ದ ಹಿಡಿದು ಮೆಚ್ಚಿಕೊಂಡಳು. ಹುಡುಗ ಮಾತ್ರ ನೋಡೇ ನೋಡಿದ. ಕೊನೆಗೆ, "ನಿಮಗೆ ಅಕ್ಕ ತಂಗಿ ಯಾರಾದ್ರೂ ಇದಾರಾ?" ಎಂದು ಕೇಳಿದ. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. "ಒಬ್ಳೇ ಮಗಳು ಕಣಪ್ಪ, ಇನ್ನೊಬ್ಳು ಬೇಕಾಗಿತ್ತಾ?" ಎಂದು ಯಾರೋ ಅಂದರು. ಅವನು ತಲೆ ತಗ್ಗಿಸಿದ. ನಾಚಿಕೆ ಅಂದುಕೊಂಡೆವು.

ಮದುವೆ ಕಾರ್ತಿಕಕ್ಕೆ ಗೊತ್ತಾಯಿತು. ಅಲ್ಲಿಯವರೆಗೂ ಟ್ಯೂಬಿನ ಮೇಲೆ ಟ್ಯೂಬು. ಆದರೆ ಚಪ್ಪರ ಹಾಕಿದ ಮೇಲೆ ಮದುವಣಗಿತ್ತಿಯ ಮುಖಕ್ಕೆ ಅರಿಶಿನ ಬಿಟ್ಟು ಬೇರೇನೂ ತಾಕಬಾರದು ಎಂಬುದು ಅವರ ಮನೆಯ ಪದ್ಧತಿ. ತಾಯಿ ಟ್ಯೂಬನ್ನು ಎತ್ತಿಟ್ಟಳು. ನಿಲ್ಲಿಸಿದ ಕೂಡಲೇ ಮುಖ ಕೆಂಪಾಗಿ ಬಿಗಿಯತೊಡಗಿತು. ಮದುವೆಯ ಹಿಂದಿನ ದಿನ ಹುಡುಗನ ಕಡೆಯ ಹೆಂಗಸರು ಅವರ ಮನೆಯ ಅರಿಶಿನ ತಂದರು. ಚಪ್ಪರದ ಮುಂದಿನ ಬಿಸಿಲಲ್ಲಿ ಕೂರಿಸಿ, ಹಾಡು ಹೇಳುತ್ತಾ, ಶಾಸ್ತ್ರಕ್ಕೆಂದು ಗಸಗಸ ತಿಕ್ಕಿದರು. ಅವಳು ಒಂದು ಸಲವೂ ಕೈ ಅಡ್ಡ ಇಡಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ತವರು ಬಿಡುವ ದುಃಖ ಎಂದು ಅವರು ಇನ್ನೂ ಜೋರಾಗಿ ಹಾಡಿದರು...

ಸಂಜೆಗೆ ಮುಖ ಊದಿಕೊಂಡಿತು. ಕೆನ್ನೆಯ ಚರ್ಮ ಎದ್ದು ನೀರು ಒಸರಿತು. ಹುಡುಗನ ತಾಯಿ ಬಂದು ನೋಡಿದವಳು ಬಾಗಿಲಿನಿಂದ ಒಳಗೆ ಕಾಲಿಡಲಿಲ್ಲ. "ಚರ್ಮದ್ ಕಾಯ್ಲೆ ಮುಚ್ಚಿಟ್ಟು ನಮ್ ತಲೆಗೆ ಕಟ್ತಿದ್ರಾ? ನಾಳೆ ಹುಟ್ಟೋ ಮಕ್ಳಿಗೂ ಬಂದ್ರೆ?" ಅಂದಳು. ಮುಲಾಮಿನಿಂದ ಆಯಿತು ಎಂದು ತಾಯಿ ಕಾಲು ಹಿಡಿದಳು. ಟ್ಯೂಬು ತಂದು ತೋರಿಸಿದಳು. ಅದನ್ನು ನೋಡಿ ಅವರಿಗೆ ಅನುಮಾನ ಗಟ್ಟಿಯಾಯಿತು. ಕಾಯಿಲೆ ಇಲ್ಲದೆ ಕಾಯಿಲೆಯ ಮುಲಾಮು ಯಾರು ಹಚ್ಚುತ್ತಾರೆ? ಬೆಳಗಾಗುವಷ್ಟರಲ್ಲಿ ಮದುವೆ ಇಲ್ಲ ಎಂದು ಸುದ್ದಿ ಬಂತು. ಚಪ್ಪರದ ಬಾಳೆಕಂಬಗಳನ್ನು ನನ್ನ ಮಗನೇ ಬಿಚ್ಚಿದ.

ನನಗೆ ತಮಿಳು ಬರುತ್ತದೆ ಎಂದು ಕೃಷ್ಣಗಿರಿಯ ಆಸ್ಪತ್ರೆಗೆ ನನ್ನನ್ನೂ ಕರೆದುಕೊಂಡು ಹೋದರು. ಡಾಕ್ಟರಮ್ಮ ಬೈಯಲಿಲ್ಲ. ದಿನಾ ಇಂಥ ಮುಖಗಳನ್ನು ನೋಡಿ ಸಾಕಾದವಳ ಹಾಗೆ ಮಾತಾಡಿದಳು. ಇದು ಬೆಳ್ಳಗಾಗಲು ಇರುವ ಔಷಧಿ ಅಲ್ಲ, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಬಿಟ್ಟರೆ ಉರಿಯುತ್ತದೆ ಅಂದಳು. ತಾನು ಕೊಡುವ ಮದ್ದು ಬಿಟ್ಟು ಬೇರೇನೂ ಹಚ್ಚಬೇಡ, ಅರಿಶಿನ, ಕಡಲೆಹಿಟ್ಟೂ ಬೇಡ, ಬಿಸಿಲಿಗೆ ಹೋಗಬೇಡ. ವಾಸಿಯಾಗುತ್ತದೆ, ಸಮಯ ಹಿಡಿಯುತ್ತದೆ. ಬಂಗೂ ತಿಳಿಯಾಗಬಹುದು. ಆದರೆ ಬರುವುದು ನಿನ್ನ ಬಣ್ಣವೇ ಅಂದಳು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಹುಡುಗಿ ಗೋಡೆ ನೋಡುತ್ತಾ ಕೂತಿದ್ದಳು.

ಆಮೇಲೆ ಒಂದು ಮಧ್ಯಾಹ್ನ ಆ ಹುಡುಗ ಒಬ್ಬನೇ ಬಂದ. ಸೈಕಲ್ಲು ನಿಲ್ಲಿಸಿ ನಲ್ಲಿಯ ಹತ್ತಿರ ನಿಂತ. ಪಕ್ಕದ ಮನೆಯ ಬಾಗಿಲು ಮುಚ್ಚಿತ್ತು. ನನ್ನ ಮುಖ ನೋಡಿಕೊಂಡೇ ಮಾತಾಡಿದ, ಆದರೆ ಬಾಗಿಲಿನ ಒಳಗೆ ಕೇಳುವ ಹಾಗೆ.

"ಅಜ್ಜೀ, ನಾನು ದಿನಾ ಬಸ್‌ಸ್ಟಾಪಲ್ಲಿ ಒಂದು ಹುಡ್ಗೀನ ನೋಡ್ತಿದ್ದೆ. ಕಪ್ಪಗಿದ್ಲು. ಜೊತೆಯವ್ರನ್ನೆಲ್ಲ ನಗಿಸ್ತಿದ್ಲು. ಅವಳನ್ನೇ ಕೇಳಿ ಅಂತ ಮನೇಲಿ ಹೇಳ್ದೆ. ಅವ್ರು ಫೋಟೋ ತೋರ್ಸಿದ್ರೆ ಯಾರೋ ಇದ್ರು. ಇಲ್ಲಿ ಬಂದ್ರೂ ಯಾರೋ ಇದ್ರು."

ನನಗೆ ಸಿಟ್ಟು ಬಂತು. "ಅವತ್ತೇ ಬಾಯಿ ಬುಟ್ಟಿದ್ರೆ ಏನಾಗಿತ್ಲಾ ನಿಂಗೆ?" ಅಂದೆ.

"ಎಲ್ರ ಮುಂದೆ ಏನಂತ ಹೇಳ್ಲಿ ಅಜ್ಜೀ, ಬೆಳ್ಳಗವ್ಳೆ ಬೇಡ ಅನ್ಲಾ?" ಅಂದ. ಮತ್ತೆ ಬಾಗಿಲ ಕಡೆ ತಿರುಗಿ, ಅಮ್ಮನನ್ನು ನಾನು ಒಪ್ಪಿಸುತ್ತೇನೆ, ಒಂದು ಸಲ ಹೊರಗೆ ಬಾ ಅಂದ.

ಒಳಗಿನಿಂದ ಅವಳ ದನಿ ಬಂತು. "ನೀವು ನೋಡ್ದೋಳು ಈಗಿಲ್ಲ, ಹೋಗಿ."

ಅವನು ಬಿಸಿಲಲ್ಲಿ ಬಹಳ ಹೊತ್ತು ನಿಂತಿದ್ದ. ಬಾಗಿಲು ತೆರೆಯಲಿಲ್ಲ. ಹೋದ.

ಸಂಕ್ರಾಂತಿಗೆ ಮೊದಲೇ ತಾಯಿ ಮಗಳು ಮನೆ ಖಾಲಿ ಮಾಡಿ ಊರಿಗೆ ಹೋದರು. ಹುಡುಗಿ ದುಪಟ್ಟಾ ಸುತ್ತಿಕೊಂಡು ಆಟೋ ಹತ್ತಿದಳು, ಕಣ್ಣು ಮಾತ್ರ ಕಾಣುತ್ತಿತ್ತು. ಎಷ್ಟೋ ವರ್ಷದ ಮೇಲೆ ಅವರ ಊರಿನವಳೊಬ್ಬಳು ಹೊಸೂರು ಬಸ್ಸಿನಲ್ಲಿ ಸಿಕ್ಕಳು. ಮುಖ ಯಾವಾಗಲೋ ವಾಸಿಯಾಯಿತಂತೆ, ಮೊದಲಿನ ಹಾಗೇ ಇದೆಯಂತೆ. ಆದರೂ ಮುಖ ಮುಚ್ಚಿಕೊಳ್ಳದೆ ಹೊರಗೆ ಬರುವುದಿಲ್ಲವಂತೆ. ನಗಿಸುತ್ತಾಳಾ ಎಂದು ಕೇಳಬೇಕೆನ್ನಿಸಿತು. ಅಷ್ಟರಲ್ಲಿ ಆ ಹೆಂಗಸಿನ ಸ್ಟಾಪು ಬಂತು...

ಮೊನ್ನೆ ಮೊಮ್ಮಗಳ ಕೈ ಹಿಡಿದು, ಮೊದಲು ಮೊಣಕೈಯ ಒಳಗೆ ಒಂದು ಬೊಟ್ಟು ಹಚ್ಚಿ ನಾಳೆಯವರೆಗೆ ನೋಡು ಅಂದೆ. ಗೊಣಗಿದಳು. ಯಾಕೆ ಎಂದು ತೋರಿಸಲು ಟ್ರಂಕಿನಿಂದ ಫೋಟೋ ತೆಗೆದೆ. ಖಾಲಿ ಮಾಡಿದ ಮನೆಯ ಗೂಡಿನಲ್ಲಿ ಅವರು ಬಿಟ್ಟುಹೋಗಿದ್ದ ಫೋಟೋ ಅದು.

"ಯಾರಜ್ಜಿ ಇವ್ಳು, ಎಷ್ಟು ಬೆಳ್ಳಗವ್ಳೆ!" ಅಂದಳು ಮೊಮ್ಮಗಳು.

ಕನ್ನಡಕ ಹಾಕಿಕೊಂಡು ನೋಡಿದೆ. ಮೂಗು ಅವಳದೇ, ಜಡೆ ಅವಳದೇ, ಮುಡಿದಿದ್ದ ಸೇವಂತಿಗೆ ನಾನು ಕಟ್ಟಿಕೊಟ್ಟಿದ್ದು. ಅವಳದೆಂದು ನನ್ನ ಹತ್ತಿರ ಉಳಿದಿರುವುದು ಇದೊಂದೇ, ಇದರಲ್ಲಿ ಅವಳಿಲ್ಲ.

"ಗೊತ್ತಿಲ್ಲ ಕಣೇ" ಅಂದೆ.