ಬಾಣ ತಿರುಗಿದ ತುಂಡು

ಇಪ್ಪತ್ತಾರು ವರ್ಷಗಳಿಂದ ಗರಗಸದಣ್ಣನ ಮೀಸೆಯ ಮೇಲೆ ದಿನವೂ ಬಿಳಿ ಹಿಮ ಹೆಪ್ಪುಗಟ್ಟುತ್ತಿತ್ತು. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಕೋಣೆಯಲ್ಲಿ, ಧ್ರುವದ ಆಳದಿಂದ ಕೊರೆದು ತಂದ ಮಂಜುಗಡ್ಡೆಯ ಕಂಬಗಳನ್ನು ಮೊಳದುದ್ದಕ್ಕೆ ಕೊಯ್ಯುವುದು ಅವನ ಕೆಲಸ. ಪ್ರತಿ ತುಂಡಿಗೂ ಒಂದು ಬಾಣದ ಗುರುತು, ಮೇಲ್ತುದಿ ಯಾವುದೆಂದು ತಿಳಿಯಲು. ಪದರಗಳನ್ನು ಕೆಳಗಿನಿಂದ ಮೇಲಕ್ಕೆ ಓದಿದರೆ ಹಿಮಯುಗದ ಕಥೆ ಸಿಗುತ್ತದೆ.

ನಿವೃತ್ತಿಗೆ ನಾಲ್ಕು ದಿನವಿದ್ದಾಗ ಅವನ ಕಣ್ಣಿಗೆ ಅದು ಬಿತ್ತು. ಸಾಲಿನಲ್ಲಿ ಒಂದರ ಬಾಣ ಮಾತ್ರ ಎದುರು ದಿಕ್ಕಿಗಿತ್ತು. ಹೋದ ವರ್ಷ ಅಳತೆಯ ಹೊತ್ತಿಗೆ ಬೆರಳು ಮರಗಟ್ಟಿ, ಹೊರಗೋಡಿ ಕೈ ಕಾಯಿಸಿಕೊಂಡು ಬಂದು, ಅವಸರದಲ್ಲಿ ಅವನೇ ಹಾಗೆ ಇಟ್ಟಿದ್ದ; ಅಳತೆಯೂ ತಲೆಕೆಳಗಾಗಿಯೇ ದಾಖಲಾಗಿತ್ತು.

ಪ್ರಯೋಗಾಲಯದ ಮುಖ್ಯಸ್ಥರು ಮೆರೆಯುತ್ತಿದ್ದದ್ದೇ ಆ ತುಂಡಿನ ಮೇಲೆ. ನೆಲವನ್ನು ಮುಚ್ಚಿದ ಹಿಮದ ಹಾಸು ನಡುಗಾತ್ರದಲ್ಲಿದ್ದಾಗ ಹವಾಮಾನ ಇದ್ದಕ್ಕಿದ್ದಂತೆ ಬಿಸಿಗೂ ಚಳಿಗೂ ಎಗರಾಡುತ್ತದೆ, ಹಾಸು ತೀರಾ ಕೊಬ್ಬಿದಾಗ ತೆಪ್ಪಗಿರುತ್ತದೆ ಎಂಬುದು ಉಳಿದ ವಿಜ್ಞಾನಿಗಳ ವಾದ. ಕೊಬ್ಬಿದಾಗಲೂ ಎಗರಿದೆ ಎಂದು ಇವರು ತೋರಿಸಿದ ಎರಡು ನೆಗೆತಗಳೂ ಆ ತುಂಡಿನ ಎರಡು ತುದಿಗಳಲ್ಲೇ, ಅಕ್ಕಪಕ್ಕದ ತುಂಡುಗಳಿಗೆ ಅದು ಕೂಡುವಲ್ಲಿ ಇದ್ದವು. ತುಂಡನ್ನು ನೆಟ್ಟಗಿಟ್ಟರೆ ನೆಗೆತವೂ ಇಲ್ಲ, ಗಿಗೆತವೂ ಇಲ್ಲ.

ಹೋಗಿ ಹೇಳಿದ. ‘ಸಾರ್, ತಪ್ಪು ನಂದೇ. ಆ ತುಂಡು ತಲೆಕೆಳಗಾಗಿತ್ತು.’

ಮುಖ್ಯಸ್ಥರು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದರು. ‘ಗೊತ್ತು ಕಣಯ್ಯ. ಗೊತ್ತಾಗಿ ಆರು ತಿಂಗಳಾಯ್ತು.’

‘ಮತ್ತೆ?’

‘ಮತ್ತೇನು? ಆ ಬಾಣ ಅಳಿಸಿ ಇನ್ನೊಂದು ಕಡೆ ಬರಿ. ಒಂದು ತಪ್ಪೂ ಮಾಡದ ಮನುಷ್ಯ ಅಂತ ನಿನ್ನನ್ನ ಬೀಳ್ಕೊಡುಗೆ ಸಭೇಲಿ ಹೊಗಳಬೇಕು ಅಂತಿದ್ದೀನಿ. ಹೋಗೋ ಹೊತ್ತಲ್ಲಿ ಹೆಸರಿಗೆ ನೀನೇ ಯಾಕೆ ಮಸಿ ಬಳ್ಕೋತೀಯ?’

ನೆನೆದ ಬಿಸ್ಕತ್ತು ಅವರ ಗಲ್ಲದ ಮೇಲೆ ಇಳಿಯಿತು. ಗರಗಸದಣ್ಣ ಮುಖ ತಿರುಗಿಸಿದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅಂತಾರೆ, ಈ ಮನುಷ್ಯ ಕಣ್ಣು ಬಿಟ್ಟುಕೊಂಡೇ ಕುಡಿಯುತ್ತಿದ್ದ!

ಆದರೂ ಕೋಣೆಗೆ ಹೋಗಿ ಬಟ್ಟೆ ಹಿಡಿದು ಬಾಣ ಉಜ್ಜಿದ. ಇಪ್ಪತ್ತಾರು ವರ್ಷದ ಹೆಸರು ಅಂದರೆ ಕಡಿಮೆಯೇ? ಅರ್ಧ ಅಳಿಸಿಹೋಯಿತು. ಕೈಗಂಟಿದ ಶಾಯಿ ನೋಡಿ, ಥೂ, ತನ್ನ ಮೇಲೇ ಹೇಸಿಗೆ ಹುಟ್ಟಿತು. ಬಟ್ಟೆ ಎಸೆದು ಅಳಿದಷ್ಟನ್ನು ಮತ್ತೆ ತಿದ್ದಿ ಬರೆದ.

ಸಭೆಯಲ್ಲಿ ಮುಖ್ಯಸ್ಥರು ಬಾಯ್ತುಂಬ ಹೊಗಳಿದರು. ‘ಇಷ್ಟು ವರ್ಷದಲ್ಲಿ ಒಂದೇ ಒಂದು ತಪ್ಪಿಲ್ಲ!’ ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಮೈಕಿನ ಮುಂದೆ ನಿಂತ.

‘ಒಂದಿದೆ,’ ಎಂದು ತುಂಡಿನ ನಂಬರು ಹೇಳಿದ. ‘ತಿರುಗಿಸಿ ಇಟ್ಟವನು ನಾನು. ಸಾರ್‌ಗೆ ಆರು ತಿಂಗಳಿಂದ ಗೊತ್ತು.’

ತಟ್ಟುತ್ತಿದ್ದ ಕೈಗಳೆಲ್ಲ ನಿಂತವು. ಮುಖ್ಯಸ್ಥರು ಮಾತ್ರ ಹಲ್ಲು ಕಿರಿದುಕೊಂಡು ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದರು.